ನೈಲ್ ನದಿ ಸೇರಿದ ನನ್ನ ನೀರುದೋಸೆ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಅನುಭವಸ್ಥ. ಬಹರೈನಿನ ಸನದ್‌ನಲ್ಲಿರುವ ನಮ್ಮ ಕಟ್ಟಡದ ಮೂರನೇ ಮಹಡಿಯವರಿಗೆ ನೆರಳಿನ ಪಾರ್ಕಿಂಗ್ ಸಿಕ್ಕಿ ನನಗೆ ಸಿಗದೆ ಹೋದಾಗ, ಒಂದಿಡೀ ಬೇಸಿಗೆ ಅವರ ಜೊತೆ ಲಿಫ್ಟಿನಲ್ಲಿ ಹೋಗಬಾರದೆಂದು ಮೆಟ್ಟಿಲು ಹತ್ತಿದವನು ನಾನು. ಸಕ್ಕರೆ ಅಂಶ ಚೆನ್ನಾಗಿ ಇಳಿದಿದೆ ಎಂದು ಡಾಕ್ಟರು ಹೊಗಳಿದರು. ಕಾರಣ ಹೇಳಲು ಹೋಗಲಿಲ್ಲ. ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಬದಲು ಬೇರೊಬ್ಬರಿಗೆ ನಿರೂಪಣೆ ಕೊಟ್ಟಾಗ ಮೈಕು ಕೆಡಲಿ ಎಂದು ಹಾರೈಸಿದ್ದೇನೆ. ಕೆಟ್ಟಾಗ ಎದ್ದು ಹೋಗಿ ಸರಿಮಾಡಿಯೂ ಕೊಟ್ಟಿದ್ದೇನೆ. ಹೊರಗಿನವರ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ದೊಡ್ಡ ಅನುಕೂಲವಿದೆ. ಮನೆಗೆ ಬಂದು ಹೆಂಡತಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡು ಹಗುರಾಗಬಹುದು. ಆದರೆ ಹೆಂಡತಿಯ ಮೇಲೆಯೇ ಹೊಟ್ಟೆಕಿಚ್ಚು ಬಂದರೆ ಯಾರ ಹತ್ತಿರ ಹೇಳುವುದು? ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನನ್ನ ಹೆಂಡತಿ ಶಾಲಿನಿ ಇಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹಲ್ಲುನೋವಿನವರ ಸಿಟ್ಟನ್ನು ಅರಬಿ, ಹಿಂದಿ, ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಅದೇ ಭಾಷೆಗಳಲ್ಲಿ ಸಮಾಧಾನ ಹೇಳಿ ದಣಿದು ಮನೆಗೆ ಬಂದರೆ, ಮನೆಯಲ್ಲಿ ನಾನಿರುತ್ತೇನೆ. ಒಂದು ದಿನ ಊಟವಾದ ಮೇಲೆ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದಳು. ಎರಡು ದೊಡ್ಡ ಹಾಯಿಗಳ ಮರದ ದೋಣಿ, ಹಿಂದೆ ಖರ್ಜೂರದ ಮರಗಳು, ಅದರಾಚೆ ಮರಳಿನ ಗುಡ್ಡ. "ನೈಲ್ ನದಿಯಲ್ಲಿ ಹೀಗೆ ನಿಧಾನಕ್ಕೆ ಹೋಗುದಂತೆ. ಇಂಜಿನ್ ಇಲ್ಲ, ಬರೀ ಗಾಳಿ. ದಾರಿಯಲ್ಲಿ ಹಳೇ ಹಳೇ ದೇವಸ್ಥಾನ ಉಂಟು. ಅವಾಲಿಯ ವನಿತಕ್ಕ ಹೋಗ್ತಾರಂತೆ. ನಾವೂ ಹೋಗುವಾ?" ಎಂದಳು. ವನಿತಕ್ಕ ಅವಳ ಗೆಳತಿ, ಶಾಲೆಯಲ್ಲಿ ಚರಿತ್ರೆ ಕಲಿಸುವವರು.

ದೋಣಿ ನೋಡಿದ ಕೂಡಲೇ ನನಗೆ ಆಸೆಯಾಯಿತು. ಆದರೆ ಆಸೆಯಾಯಿತೆಂದು ಕೂಡಲೇ ಹೂಂ ಎನ್ನುವುದುಂಟೇ? ನಮ್ಮ ಕರಾವಳಿ ಕಡೆ ಯಾರ ಮನೆಗೆ ಹೋದರೂ ಮೊದಲು "ಕಾಫಿ ಎಲ್ಲ ಎಂತ ಬೇಡ" ಎನ್ನಬೇಕು. ಅವರು "ಒಂದು ಗುಟುಕಾದ್ರೂ" ಎನ್ನಬೇಕು. ನಾವು "ಈಗಷ್ಟೇ ಕುಡಿದು ಬಂದದ್ದು" ಎನ್ನಬೇಕು. ಅಷ್ಟರಲ್ಲಿ ಒಳಗೆ ಹಾಲು ಕಾದಿರುತ್ತದೆ. ಮೊದಲ 'ಬೇಡ' ಬೇಡ ಎಂಬ ಅರ್ಥದಲ್ಲಿ ಹೇಳುವುದೇ ಅಲ್ಲ. ಅದು ಇನ್ನೊಮ್ಮೆ ಕೇಳಿ ಎಂಬ ಮರ್ಯಾದೆಯ ಕೋರಿಕೆ. ನಾನೂ ಹಾಗೆಯೇ ಶುರುಮಾಡಿದೆ. "ಎಂತ ದೇವಸ್ಥಾನ? ಪೂಜೆ ಉಂಟಾ ಅಲ್ಲಿ? ಮಧ್ಯಾಹ್ನ ಊಟ ಹಾಕ್ತಾರಾ? ಊಟ ಹಾಕದ ದೇವಸ್ಥಾನಕ್ಕೆ ಅಷ್ಟು ದೂರ ಹೋಗ್ಲಿಕ್ಕೆ ನಮಗೆಂತ ಮರ್ಲಾ? ಬೇಡ ಮಾರಾಯ್ತಿ" ಎಂದೆ. ಅವಳು ಒತ್ತಾಯಿಸುತ್ತಾಳೆ, ಎರಡನೇ ಸಲ ನಾನು ರಜೆಯ ತೊಂದರೆ ಹೇಳುತ್ತೇನೆ, ಮೂರನೇ ಸಲ ನಿನಗೋಸ್ಕರ ಎಂದು ದೊಡ್ಡ ಮನಸ್ಸಿನಿಂದ ಒಪ್ಪುತ್ತೇನೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆದರೆ ವರ್ಷಗಟ್ಟಲೆ ಕ್ಲಿನಿಕ್ಕಿನ ಫೋನು ಎತ್ತಿದವಳಿಗೆ ಬೇಡ ಎಂದರೆ ಬೇಡ. ಹೆಸರು ಹೊಡೆದುಹಾಕಿ ಆ ಹೊತ್ತನ್ನು ಮುಂದಿನವರಿಗೆ ಕೊಡುವುದೇ. "ಸರಿ ಹಾಗಾದ್ರೆ, ನಾನು ವನಿತಕ್ಕನ ಒಟ್ಟಿಗೆ ಹೋಗಿ ಬರ್ತೇನೆ" ಎಂದು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ನಾನು ಎರಡನೇ ಸಲ ಕೇಳುತ್ತಾಳೆಂದು ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. "ಎಂತ, ನೀರು ಬೇಕಾ?" ಎಂದು ಕೇಳಿದಳು.

ಅಂತೂ ಹೋದಳು. ನಾನು ಮತ್ತು ಆಗಷ್ಟೇ ಪರೀಕ್ಷೆ ಮುಗಿಸಿದ್ದ ಮಗಳು ಅನಘಾ ಮನೆಯಲ್ಲಿ ಉಳಿದೆವು. ಫ್ರಿಜ್ಜಿನಲ್ಲಿ ಸಾರು, ಪಲ್ಯ, ಮೀನುಸಾರು ಡಬ್ಬಿ ಡಬ್ಬಿಯಾಗಿತ್ತು. ಮಗಳು ಪಿಜ್ಜಾ ತರಿಸಿಕೊಂಡಳು. ಮೊದಲ ಫೋಟೊ ಬಂದಾಗ ನಾನು ಬಿಸಿ ಮಾಡಿದ ಸಾರಿನಲ್ಲಿ ತಣ್ಣಗಿನ ಅನ್ನ ಕಲಸುತ್ತಿದ್ದೆ. ಶಾಲಿನಿ ದೋಣಿಯ ಮೇಲಿನ ಅಟ್ಟದಲ್ಲಿ ದಿಂಬಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮದುವೆಯಾದಂದಿನಿಂದ ಅವಳು ಹೀಗೆ ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ದಾಸವಾಳದ ಶರಬತ್ತು. ನಮ್ಮಲ್ಲಿ ದೇವರಿಗೆ ಏರಿಸುವ ಹೂವನ್ನು ಅಲ್ಲಿ ಒಣಗಿಸಿ, ಕುದಿಸಿ ಕುಡಿಯುತ್ತಾರಂತೆ. ಆ ಶರಬತ್ತಿನ ಬಣ್ಣ ನೋಡಿಯೇ ನನ್ನ ಹೊಟ್ಟೆಯಲ್ಲಿ ಸಣ್ಣದಾಗಿ ಬೆಂಕಿ ಹತ್ತಿತು.

ಆ ಹೊತ್ತಿಗೆ ಇಲ್ಲಿ ಗಾಳಿ ಎದ್ದಿತ್ತು. ಬಹರೈನಿನಲ್ಲಿ ಉತ್ತರದ ಗಾಳಿ ಬೀಸಿತೆಂದರೆ ಕಿಟಕಿಗೆ ಎಷ್ಟೇ ಟೇಪು ಹಚ್ಚಿದರೂ ಧೂಳು ಒಳಗೆ ಬಂದು ಸೋಫಾದ ಮೇಲೆ ನೆಂಟರಂತೆ ಕೂತುಬಿಡುತ್ತದೆ. ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಜೆಯ ವಿಡಿಯೊ ಕಾಲಿನಲ್ಲಿ ಶಾಲಿನಿ ವಿವರಿಸಿದಳು: ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ, ಅಲ್ಲಿ ಗಾಳಿಯೂ ಉತ್ತರದಿಂದಲೇ ಬೀಸುತ್ತದೆ, ಹಾಯಿ ಬಿಚ್ಚಿ ಸುಮ್ಮನೆ ಕೂತರೆ ಸಾಕು, ದೋಣಿ ಹರಿವಿಗೆ ಎದುರಾಗಿ ತಾನಾಗಿಯೇ ದಕ್ಷಿಣಕ್ಕೆ ಹೋಗುತ್ತದೆ. ಅಂದರೆ ಅಲ್ಲಿ ಉತ್ತರದ ಗಾಳಿ ನನ್ನ ಹೆಂಡತಿಯನ್ನು ಮೆತ್ತಗೆ ದೇವಸ್ಥಾನದಿಂದ ದೇವಸ್ಥಾನಕ್ಕೆ ಕರೆದೊಯ್ಯುತ್ತಿತ್ತು. ಇಲ್ಲಿ ಅದೇ ಉತ್ತರದ ಗಾಳಿ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟಿತ್ತು. ಗಾಳಿಗೂ ಪಕ್ಷಪಾತ. ನಾನು ಮನಸ್ಸಿನಲ್ಲೇ, ಒಂದು ದಿನವಾದರೂ ಅಲ್ಲಿ ಗಾಳಿ ನಿಲ್ಲಲಿ ಎಂದು ಬೇಡಿಕೊಂಡೆ. ನಿಂತಿತು. ಮರುದಿನ ಫೋನು ಮಾಡಿ ಅವಳು, "ಗಾಳಿಯೇ ಇಲ್ಲ ಮಾರಾಯ್ರೆ. ಒಂದು ಮರಳುದಿಬ್ಬದ ಹತ್ರ ದೋಣಿ ಕಟ್ಟಿದ್ರು. ಬೆಂಕಿ ಹಾಕಿ, ತಮಟೆ ಹಿಡ್ಕೊಂಡು ಹಾಡಿದ್ರು. ವನಿತಕ್ಕ ಕುಣಿದ್ರು. ಇಷ್ಟು ಗಮ್ಮತ್ತು ಯಾವತ್ತೂ ಆಗಿರ್ಲಿಲ್ಲ" ಎಂದಳು. ನನ್ನ ಶಾಪ ಕೂಡ ಅವಳಿಗೆ ವರವಾಗಿ ತಲುಪುತ್ತಿತ್ತು.

ನನ್ನ ಕೆಲಸ ಟುಬ್ಲಿಯ ಒಂದು ಲಾರಿ ರಿಪೇರಿ ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಉಸ್ತುವಾರಿ. ಅಲ್ಲಿ ಅಕೌಂಟೆಂಟ್ ಮಹಮೂದ್ ಈಜಿಪ್ಟಿನವನು, ಅದೂ ಅಸ್ವಾನಿನ ಕಡೆಯವನು. ಅವನಿಂದ ಸಮಾಧಾನದ ಮಾತು ಕೇಳಬಹುದೆಂದು ಹೋಗಿ ಫೋಟೊ ತೋರಿಸಿದೆ. ಅವನು ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟ. ಅವನಜ್ಜ ಇಂಥದೇ ದೋಣಿಯಲ್ಲಿ ಈರುಳ್ಳಿ ಸಾಗಿಸುತ್ತಿದ್ದನಂತೆ. ಮೊಮ್ಮಗ ಮಾತ್ರ ಇವತ್ತಿನವರೆಗೂ ಇಂಥ ಪ್ರವಾಸದ ದೋಣಿಗೆ ಕಾಲಿಟ್ಟಿಲ್ಲವಂತೆ. ಇಬ್ಬರೂ ಸೇರಿ ಒಂದು ಚಹಾದ ಹೊತ್ತು ನನ್ನ ಹೆಂಡತಿಯ ಮೇಲೆ ಹೊಟ್ಟೆ ಉರಿಸಿಕೊಂಡೆವು. ಏಳುವಾಗ ಅವನು ನನ್ನ ಭುಜ ತಟ್ಟಿ, "ಹಬೀಬಿ, ಒಂದು ಮಾತು. ನಮ್ಮ ಕಡೆಯ ದೋಣಿಯ ರಯ್ಯಿಸ್‌ಗಳು ಭಾರಿ ಮಾತುಗಾರರು. ಹಾಡು ಬೇರೆ ಹೇಳುತ್ತಾರೆ" ಎಂದ. ರಯ್ಯಿಸ್ ಎಂದರೆ ದೋಣಿಯ ಯಜಮಾನ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ.

ಅಂದಿನಿಂದ ನಾನು ಫೋಟೊಗಳಲ್ಲಿ ದೇವಸ್ಥಾನಗಳನ್ನು ನೋಡುವುದು ಬಿಟ್ಟು ರಯ್ಯಿಸ್‌ನನ್ನು ಹುಡುಕತೊಡಗಿದೆ. ಗಿಡುಗನ ಮುಖದ ದೇವರ ಎದುರು ಶಾಲಿನಿ ನಿಂತ ಫೋಟೊ ಬಂತು. ಅಂಚಿನಲ್ಲಿ ನೀಲಿ ನಿಲುವಂಗಿಯ ಒಂದು ತೋಳು. ಮೊಸಳೆ ದೇವರ ಗುಡಿಯ ಫೋಟೊ ಬಂತು. ಕಂಬದ ಪಕ್ಕದಲ್ಲಿ ಅದೇ ನೀಲಿ. ಮೊಸಳೆಗೆ ಗುಡಿ ಕಟ್ಟಿದವರ ಬಗ್ಗೆ ಬೇರೆ ಸಮಯದಲ್ಲಾದರೆ ನಾನು ಒಂದೆರಡು ಹಾಸ್ಯ ಮಾಡುತ್ತಿದ್ದೆ. ಆಗ ಮನಸ್ಸಿರಲಿಲ್ಲ. ಆ ನೀಲಿ ನಿಲುವಂಗಿಯವನ ಹೆಸರು ಅಬ್ದು ಎಂದು ತಿಳಿಯಿತು. ಅಬ್ದು ಶಾಲಿನಿಗೆ ಚುಕ್ಕಾಣಿ ಹಿಡಿಯಲು ಕೊಟ್ಟನಂತೆ. ಇಲ್ಲಿ ನಾನು ಕಾರು ಓಡಿಸುವಾಗ ಅವಳು ಪಕ್ಕದಲ್ಲಿ ಕೂತು ಬ್ರೇಕು, ಬ್ರೇಕು ಎನ್ನುತ್ತಿರುತ್ತಾಳೆ. ಚುಕ್ಕಾಣಿ ಕೊಡುವ ಯೋಚನೆ ನನಗೆ ಬಂದಿರಲಿಲ್ಲ, ನಿಜ.

ಇನ್ನು ಶುಕ್ರವಾರದ ವಿಷಯ. ಶುಕ್ರವಾರ ಇಲ್ಲಿ ರಜೆ, ನಮ್ಮ ಮನೆಯಲ್ಲಿ ನೀರುದೋಸೆ. ನೆನೆಸಿದ ಅಕ್ಕಿ, ತೆಂಗಿನಕಾಯಿ, ತೆಳ್ಳಗೆ ರುಬ್ಬಿ ಕಾವಲಿಗೆ ಸುರಿದು, ಮುಚ್ಚಿ, ನಾಲ್ಕು ಮಡಿಕೆ ಮಾಡಿ ತಟ್ಟೆಗೆ. ನಾನು ಪೇಪರು ಓದುತ್ತಾ ಕೂತರೆ ಬಂದು ಬೀಳುತ್ತಿರುತ್ತದೆ. ನನ್ನ ವಾರವೆಲ್ಲ ಆ ಬೆಳಗ್ಗಿನ ಕಡೆಗೇ ನಡೆಯುತ್ತದೆ ಎಂದರೆ ತಪ್ಪಿಲ್ಲ. ಆ ಶುಕ್ರವಾರ ಮೂಲೆ ಅಂಗಡಿಯ ಖುಬ್ಬುಸ್ ರೊಟ್ಟಿ ಹರಿದು ಜಾಮ್ ಹಚ್ಚುತ್ತಿದ್ದಾಗ ವನಿತಕ್ಕ ಕಳಿಸಿದ ಫೋಟೊ ಬಂತು. ದೋಣಿಯ ಅಟ್ಟದ ಮೇಲೆ ನೀಲಿ ನಿಲುವಂಗಿಯ, ಬಿಳಿ ಮುಂಡಾಸಿನ, ದಪ್ಪ ಮೀಸೆಯ ಒಬ್ಬ ಗಂಡಸು ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಎದುರಿನ ತಟ್ಟೆಯಲ್ಲಿ ನಾಲ್ಕು ಮಡಿಕೆಯ ನೀರುದೋಸೆ. ಪಕ್ಕದ ಬಟ್ಟಲಲ್ಲಿ ನಮ್ಮ ಜೋನಿಬೆಲ್ಲದಂಥ ಕಪ್ಪು ಕಬ್ಬಿನ ಪಾಕ. ಮತ್ತು ನನ್ನ ಹೆಂಡತಿ, ಕೈಯಲ್ಲಿ ಸಟ್ಟುಗ ಹಿಡಿದು, ಇನ್ನೊಂದು ಬಡಿಸಲು ಬಾಗಿ ನಗುತ್ತಿದ್ದಾಳೆ.

ಹೊಟ್ಟೆಗೆ ಕೆಂಡ ಸುರಿದಂತಾಯಿತು. ಫೋಟೊ ದೊಡ್ಡದು ಮಾಡಿದೆ. ದೋಸೆಯ ಅಂಚು ನೋಡಿದೆ, ತೂತು ನೋಡಿದೆ. ಹೆಗಲ ಮೇಲಿನಿಂದ ಬಗ್ಗಿ ನೋಡಿದ ಅನಘಾ, "ಪಪ್ಪಾ, ಯು ಆರ್ ಸೋ ಜೆಲಸ್!" ಎಂದು ನಕ್ಕಳು.

"ಯಾರು? ನಾನಾ? ದೋಸೆ ಸ್ವಲ್ಪ ದಪ್ಪ ಆಗಿದೆ. ಅದನ್ನು ನೋಡ್ತಾ ಇದ್ದೆ ಅಷ್ಟೇ" ಎಂದೆ. ದಪ್ಪ ಆಗಿರಲಿಲ್ಲ. ಮಲ್ಲಿಗೆಯ ಎಸಳಿನ ಹಾಗಿತ್ತು.

ಮಧ್ಯಾಹ್ನ ಶಾಲಿನಿಯೇ ಫೋನು ಮಾಡಿದಳು. "ಫೋಟೊ ಸಿಕ್ಕಿತಾ? ಇಲ್ಲಿಯ ಅಕ್ಕಿಯಲ್ಲಿ ಲಾಯಿಕ್ ಆಯ್ತು ಮಾರಾಯ್ರೆ. ಅಬ್ದು ಮೂರು ಸಲ ಹಾಕಿಸ್ಕೊಂಡ್ರು." ನಾನು ಆದಷ್ಟು ಸಾಧಾರಣ ದನಿಯಲ್ಲಿ, "ದೋಣಿಯಲ್ಲಿ ಅಡುಗೆಯವ ಇಲ್ವಾ?" ಎಂದು ಕೇಳಿದೆ. "ಇದ್ದಾರೆ. ಆದ್ರೂ ನಂಗೇ ಮಾಡ್ಬೇಕು ಅನ್ನಿಸ್ತು" ಎಂದಳು. ಗಾಳಿಯ ಸದ್ದಿನಲ್ಲಿ ಫೋನು ಕಡಿದುಹೋಯಿತು.

ಮಾಡಬೇಕು ಅನ್ನಿಸಿತು! ನನ್ನ ತಟ್ಟೆಗೆ ಇಷ್ಟು ವರ್ಷ ಬಿದ್ದ ದೋಸೆಗಳೆಲ್ಲ ಅನ್ನಿಸಿ ಬಿದ್ದವೋ, ಅಥವಾ ಶುಕ್ರವಾರ ಬಂತಲ್ಲ ಎಂಬ ಕರ್ಮಕ್ಕೆ ಬಿದ್ದವೋ? ರಜೆಯೆಂದು ಹೋದವಳು, ಕಾಲು ಚಾಚಿ ಕೂರಬಹುದಾದವಳು, ಆ ಮೀಸೆಯವನಿಗಾಗಿ ಎದ್ದು ಅಕ್ಕಿ ರುಬ್ಬಿದ್ದಳು. ನನಗೆ ನಿಜವಾಗಿಯೂ ದುಃಖವಾಯಿತು. ಅನಘಾಳಿಗೆ ಗೊತ್ತಾಗದಿರಲಿ ಎಂದು ಇನ್ನೊಮ್ಮೆ ಸೋಫಾ ಒರೆಸಿದೆ.

ಶಾಲಿನಿ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ನಡಿಗೆ ನಿಧಾನವಾಗಿತ್ತು. ಕೂತರೆ ದೋಣಿಯಲ್ಲೇ ಕೂತ ಹಾಗೆ ಅನ್ನಿಸುತ್ತದೆ ಎಂದು ಬಾಲ್ಕನಿಯಲ್ಲಿ ಕುರ್ಚಿ ಹಾಕಿ, ಎದುರಿನ ಕಟ್ಟಡದ ಎಸಿಗಳನ್ನು ನದಿಯಂತೆ ನೋಡುತ್ತಿದ್ದಳು. ನನಗೆ ಒಂದು ಕಲ್ಲಿನ ಜೀರುಂಡೆ ತಂದಿದ್ದಳು. ಅಬ್ದುವೇ ಆರಿಸಿಕೊಟ್ಟದ್ದಂತೆ. ಅದನ್ನು ಟಿವಿಯ ಹಿಂದೆ ಇಟ್ಟೆ. ಗುರುವಾರ ಸಂಜೆ ಅಡುಗೆಮನೆಯಲ್ಲಿ ಇಣುಕಿದರೆ ಅಕ್ಕಿ ನೆನೆಸಿರಲಿಲ್ಲ. ಕೇಳೋಣವೆಂದರೆ ಬಾಯಿ ಬರಲಿಲ್ಲ. ಕೇಳಿದ ಮೇಲೆ ಮಾಡಿದ ದೋಸೆ ಅನ್ನಿಸಿ ಮಾಡಿದ ದೋಸೆ ಹೇಗಾದೀತು? ಕೊನೆಗೆ, ಅಬ್ದುವಿಗೂ ಬಾರದ ವಿದ್ಯೆಯೊಂದನ್ನು ತೋರಿಸೋಣವೆಂಬ ಛಲದಿಂದ ನಾನೇ ಅಕ್ಕಿ ನೆನೆಸಿದೆ.

ಬೆಳಗ್ಗೆ ಬನಿಯನ್ನು ಹಾಕಿ, ಹೆಗಲಿಗೆ ಮೈಯೊರೆಸುವ ಬೈರಾಸು ಏರಿಸಿ ಕಾವಲಿಯ ಮುಂದೆ ನಿಂತೆ. ಮೊದಲನೆಯದು ಎದ್ದು ಬರಲು ಒಪ್ಪಲಿಲ್ಲ. ಎರಡನೆಯದು ಕಂತುಗಳಲ್ಲಿ ಬಂತು. ಬಾಲ್ಕನಿಯಿಂದಲೇ ಶಾಲಿನಿ, "ಕಾವಲಿ ಸರೀ ಕಾಯ್ಲಿ. ಹಿಟ್ಟಿಗೆ ಇನ್ನೂ ನೀರು ಹಾಕಿ. ಹೆದರ್ಬೇಡಿ" ಎಂದು ಹೇಳಿಕೊಡುತ್ತಿದ್ದಳು. ಐದನೆಯದು ದೋಸೆಯಂತಾಯಿತು. ನಾಲ್ಕು ಮಡಿಕೆ ಮಾಡಿ ಬಾಲ್ಕನಿಗೆ ಒಯ್ದು ಬಡಿಸಿದೆ. ಅವಳು ತಿಂದಳು. ಇನ್ನೊಂದು ಎಂದಳು. ಇನ್ನೂ ಒಂದು ಎಂದಳು. ಮೂರು ಸಲ! ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅಲ್ಲ, ಅವತ್ತು ದೋಣಿಯಲ್ಲಿ ನಿನಗೆ ಮಾಡ್ಬೇಕು ಅನ್ನಿಸಿದ್ದು ಯಾಕೆ?"

ಅವಳು ಬೆರಳು ನೆಕ್ಕುತ್ತಾ ಹೇಳಿದಳು: "ಶುಕ್ರವಾರ ಅಲ್ವಾ ಮಾರಾಯ್ರೆ. ಹಿಂದಿನ ರಾತ್ರಿಯೇ ಕೈ ಸುಮ್ನೆ ಕೂತ್ಕೊಳ್ಳಲಿಲ್ಲ, ಅಕ್ಕಿ ನೆನೆಸಿಟ್ಟೆ. ಬೆಳಿಗ್ಗೆ ಎದ್ದದ್ದೇ ಯಾರಿಗಾದ್ರೂ ಹಾಕ್ಲೇಬೇಕು ಅಂತ ಆಯ್ತು. ನೀವಿರ್ಲಿಲ್ಲ. ಅಬ್ದು ಇದ್ರು."

ನನ್ನ ಹೊಟ್ಟೆಯ ಬೆಂಕಿಯೆಲ್ಲ ಒಮ್ಮೆಲೇ ಆರಿ ತಣ್ಣಗಾಯಿತು. ಆ ಖುಷಿಯಲ್ಲಿ ಒಳಗೆ ಹೋಗಿ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಹಲ್ಲು ಕಿರಿದು ನಿಂತೆ. ಅವಳು ಫೋಟೊ ತೆಗೆದು ದೋಣಿಯಲ್ಲಿ ಜೊತೆಗಿದ್ದವರ ಗುಂಪಿಗೆ ಕಳಿಸಿದಳು. ಗುಂಪಿನಲ್ಲಿ ರಯ್ಯಿಸ್ ಅಬ್ದುವೂ ಇದ್ದಾನೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನ ಉತ್ತರ ಬಂತು. ಅವಳು ಓದಿ, ಸೆರಗು ಬಾಯಿಗೆ ಒತ್ತಿಕೊಂಡು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಮುರುಕು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದ: "ಮೇಡಂ, ನಿಮ್ಮ ಮನೆಯ ಅಡುಗೆಯವನು ಬಹಳ ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ. ಮುಂದಿನ ಸಲ ಕರೆದುಕೊಂಡು ಬನ್ನಿ. ದೋಣಿಯಲ್ಲಿ ಕೆಲಸ ಕೊಡುತ್ತೇನೆ."

ಇದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಅವಳು ತಿದ್ದಿ ಬರೆಯಲು ಮೊಬೈಲು ವಾಪಸು ಕೇಳಿ ಕೈ ಚಾಚಿದಳು. ನಾನು ಕೊಡಲಿಲ್ಲ. "ಸ್ವಲ್ಪ ತಡಿ ಮಾರಾಯ್ತಿ" ಎಂದು ಬೈರಾಸಿನಿಂದ ಮುಖ ಒರೆಸಿಕೊಂಡು, "ಅಡುಗೆಯವರಿಗೂ ಆ ಅಟ್ಟದ ಮೇಲೆ ಕಾಲು ಚಾಚಿ ಕೂರ್ಲಿಕ್ಕೆ ಬಿಡ್ತಾರಾ ಅಂತ ಮೊದ್ಲು ಕೇಳು" ಎಂದೆ.