ಮೂಗಿನವರೆಗೆ ಬಂದ ಪಾಠ

ಪಾಠ ಮಾಡುವ ವಿಷಯದಲ್ಲಿ ನನಗೆ ನನ್ನ ಮೇಲೆ ಅಪಾರ ವಿಶ್ವಾಸವಿತ್ತು. ಮೈಸೂರಿನ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳುತ್ತಿದ್ದರೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೂತಿರುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮಕ್ಕೂ ಅದರಲ್ಲಿ ಪಾಲಿದ್ದೀತು ಎಂಬುದು ಆಗ ಹೊಳೆದಿರಲಿಲ್ಲ!

ಎಪ್ಪತ್ತರ ದಶಕದ ಆರಂಭದಲ್ಲಿ ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ನನಗೆ ಒಂದು ವರ್ಷದ ಮಟ್ಟಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಮೊದಲ ದಿನ ಒಳಗೆ ಹೋದಾಗ ಒಬ್ಬನೇ ಒಬ್ಬ ಎದ್ದು ನಿಂತ. ಕಿಟಕಿ ತೆಗೆಯಲು! ನಾನು ನೋಟ್ಸ್ ಹೇಳತೊಡಗಿದೆ. ಅವರು ಚೂಯಿಂಗ್ ಗಮ್ ಅಗಿಯತೊಡಗಿದರು. ಚಳಿಗಾಲವೆಲ್ಲ ಹೀಗೇ ಕಳೆಯಿತು.

ಹಿಮ ಕರಗಿದ ಮೇಲೆ ಪ್ರಿನ್ಸಿಪಾಲರು ಕರೆದು, "ಮಿಸ್ಟರ್ ರಾವ್, ಮುಂದಿನ ವಾರ ನಿಮ್ಮ ಪಾಠ ನೋಡಲು ಬರುತ್ತೇನೆ. ಯಾರಿಗೂ ನಿದ್ದೆ ಬರದಂಥ ಪಾಠ ಮಾಡಿ" ಎಂದರು. ಅವರಿಗೆ ಮೆಚ್ಚಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಜೂನ್‌ನಲ್ಲಿ ನಮಸ್ಕಾರ!

ನಾನು ಲೋಲಕದ ಪ್ರಯೋಗವನ್ನು ಆರಿಸಿಕೊಂಡೆ. ಹಗ್ಗಕ್ಕೆ ಕಟ್ಟಿದ ಭಾರವನ್ನು ಮೂಗಿಗೆ ತಾಗಿಸಿ ಹಿಡಿದು, ತಳ್ಳದೆ ಬಿಡಬೇಕು. ಅದು ಆಚೆ ತೂಗಿ ವಾಪಸು ಬರುತ್ತದೆ. ಆದರೆ ಹೊರಟ ಜಾಗವನ್ನು ದಾಟಿ ಬರುವುದಿಲ್ಲ. ಮೂಗು ಕ್ಷೇಮ!

ರಿಹರ್ಸಲ್ ನಡೆದದ್ದು ನಮ್ಮ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ. ಭಾರಕ್ಕೆ, ಹೆಂಡತಿ ಪದ್ಮಾ ಊರಿನಿಂದ ಹೊತ್ತು ತಂದಿದ್ದ ಹಿತ್ತಾಳೆ ಕುಟ್ಟಾಣಿ. ಮೂಗಿಗೆ, ಪದ್ಮಾ.

"ನನ್ನ ಮೂಗೇ ಯಾಕ್ರೀ? ನಿಮಗಿಲ್ವಾ?"

"ನಾನು ವಿವರಣೆ ಕೊಡಬೇಕಲ್ಲ ಕಣೇ!"

ಮೊದಲ ಸಲ ಗಂಟು ಬಿಚ್ಚಿತು. ಕುಟ್ಟಾಣಿ ಹಾರಿ ಮನೆ ಮಾಲೀಕ ಟೋನಿ ಒಗೆದಿಟ್ಟಿದ್ದ ಬಟ್ಟೆಗಳ ಬುಟ್ಟಿಯಲ್ಲಿ ಬಿತ್ತು. ಸದ್ದು ಕೇಳಿ ಇಳಿದು ಬಂದ ಟೋನಿ ಸಿಟ್ಟಾಗಬೇಕಿತ್ತು. ವಿಷಯ ತಿಳಿದು ಉತ್ಸಾಹಗೊಂಡ. "ಅಡುಗೆ ಸಾಮಾನು ಯಾಕೆ ಪ್ರೊಫೆಸರ್? ನನ್ನ ಬೌಲಿಂಗ್ ಬಾಲ್ ತಗೊಂಡು ಹೋಗಿ!" ಎಂದ.

ಎರಡನೆಯ ಸಲ ಕುಟ್ಟಾಣಿ ಪದ್ಮಾಳ ಮೂಗಿನ ಹತ್ತಿರ ಬಂದು ಹಿಂದಕ್ಕೆ ಹೋಯಿತು. ಅವಳು ಕಣ್ಣು ಮುಚ್ಚಿ, "ರಾಮ ರಾಮ" ಎನ್ನುತ್ತಾ ಅಲ್ಲಾಡದೆ ನಿಂತಿದ್ದಳು.

"ಮೂಗುಬೊಟ್ಟು ಇದ್ಯಾ ನೋಡ್ರೀ" ಎಂದಳು.

ನಾನು ವಿಜಯೋತ್ಸಾಹದಿಂದ ಕಾಫಿ ಕುಡಿದೆ.

ಆ ದಿನ ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಕೂತರು. ಸೂರಿನ ಕೊಕ್ಕೆಯಿಂದ ಬಲೆಚೀಲದಲ್ಲಿ ಟೋನಿಯ ಗುಂಡುಕಲ್ಲಿನಂಥ ಚೆಂಡು ನೇತಾಡುತ್ತಿತ್ತು. ನಾನು ಕಪ್ಪುಹಲಗೆಗೆ ಬೆನ್ನು ಹಚ್ಚಿ, ಚೆಂಡನ್ನು ಮೂಗಿಗೆ ತಾಗಿಸಿ, ಘೋಷಿಸಿದೆ: "ಪ್ರಕೃತಿಯ ನಿಯಮ ಎಂದೂ ಸುಳ್ಳಾಡುವುದಿಲ್ಲ. ಅದಕ್ಕಾಗಿ ನನ್ನ ಮೂಗನ್ನೇ ಪಣಕ್ಕಿಡುತ್ತೇನೆ!"

ಗಮ್ ಅಗಿಯುವುದು ನಿಂತಿತು. ಚೆಂಡು ಬಿಟ್ಟೆ. ವರ್ಷದಲ್ಲಿ ಮೊದಲ ಬಾರಿಗೆ ಎಲ್ಲ ಕಣ್ಣುಗಳೂ ನನ್ನ ಮೇಲಿದ್ದವು. ಆ ಒಂದು ಕ್ಷಣ ನಾನು ನಿಜಕ್ಕೂ ಮೇಷ್ಟ್ರಾಗಿದ್ದೆ.

ಚೆಂಡು ತಿರುಗಿತು. ತೆಂಗಿನಕಾಯಿಯಷ್ಟಿದ್ದದ್ದು ಕುಂಬಳಕಾಯಿಯಾಯಿತು. ಕುಂಬಳಕಾಯಿ ಕೊಪ್ಪರಿಗೆಯಾಯಿತು. ಆಗ ನನಗೊಂದು ಸತ್ಯ ಹೊಳೆಯಿತು. ರಿಹರ್ಸಲ್‌ನಲ್ಲಿ ನಿಂತದ್ದು ನಾನಲ್ಲ!

ಪಕ್ಕಕ್ಕೆ ಹಾರಿದೆ. ಕಸದ ಬುಟ್ಟಿಯ ಮೇಲೆ ಬಿದ್ದೆ. ಚೆಂಡು ಮಾತ್ರ ನನ್ನ ಮೂಗಿರಬೇಕಾದ ಜಾಗಕ್ಕೆ ಕೂದಲೆಳೆಯಷ್ಟು ಮುಂಚೆ ನಿಂತು, ಮರ್ಯಾದೆಯಿಂದ ಹಿಂದಿರುಗಿತು. ನಿಯಮ ಮಾತು ಉಳಿಸಿಕೊಂಡಿತು. ಮೇಷ್ಟ್ರು ಉಳಿಸಿಕೊಳ್ಳಲಿಲ್ಲ!

ತರಗತಿ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ನಗು ಇಳಿಯುತ್ತಿದ್ದಂತೆ ಒಂದು ಕೈ ಮೇಲೆದ್ದಿತು. ಡೆಬಿ ಎಂಬ ಹುಡುಗಿ. ವರ್ಷವಿಡೀ ಬಾಯಿ ಬಿಟ್ಟವಳಲ್ಲ.

"ಮಿಸ್ಟರ್ ರಾವ್, ಕ್ಯಾನ್ ಐ ಟ್ರೈ?"

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಯಾರೂ ನಗಲಿಲ್ಲ. ನಾನು ಪ್ಯಾಂಟಿನ ಮೇಲಿನ ಕಸ ಕೊಡವಿಕೊಳ್ಳುತ್ತಾ ಹೇಳಿದೆ, "ನೋ! ಇಟ್ ಈಸ್ ಡೇಂಜರಸ್!"

ಮೊದಲಿಗಿಂತ ದೊಡ್ಡ ನಗು. ಡೆಬಿ ಕೈ ಇಳಿಸಿದಳು. ನಾನು ಚೆಂಡನ್ನು ಬಿಚ್ಚಿಟ್ಟು ನೋಟ್ಸ್ ಹೇಳತೊಡಗಿದೆ.

ಬೆಲ್ ಹೊಡೆದ ಮೇಲೆ ಪ್ರಿನ್ಸಿಪಾಲರು ಮೆಲ್ಲಗೆ, "ನೀವು ಬಿದ್ದದ್ದು ದೊಡ್ಡ ವಿಷಯವಲ್ಲ. ಆ ಹುಡುಗಿಯನ್ನು ಚೆಂಡಿನ ಮುಂದೆ ನಿಲ್ಲಿಸಬಹುದಿತ್ತು" ಎಂದರು.

ಸಂಜೆ ಪದ್ಮಾ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ, ಕೈಕಾಲು ನೆಟ್ಟಗಿದ್ಯಲ್ಲ."

"ಆ ಹುಡುಗಿ ತಾನಾಗೇ ಕೇಳಿದ್ಲು ಕಣೇ. ನಾನೇ ಬೇಡ ಅಂದ್ಬಿಟ್ಟೆ."

"ಹೂಂ ಅನ್ನಬೇಕಿತ್ತು ರೀ" ಎಂದಳು.

ಅನ್ನಬೇಕಿತ್ತು. ಇಡೀ ವರ್ಷ ನಾನು ಕಾದದ್ದು ಅಂಥ ಒಂದು ಕೈಗೆ. ಜೂನ್‌ವರೆಗೆ ಡೆಬಿಯ ಬೆಂಚಿನ ಕಡೆ ನೋಡುತ್ತಲೇ ಇದ್ದೆ. ಆ ಕೈ ಮತ್ತೆ ಏಳಲಿಲ್ಲ.

ಕೆಲಸ ಕಾಯಂ ಆಗಲಿಲ್ಲ. ಆಮೇಲೆ ಮ್ಯಾನ್‌ಹಟನ್ನಿನ ಒಂದು ಇನ್ಶೂರೆನ್ಸ್ ಕಂಪನಿ ಸೇರಿದೆ. ಯಾವುದರಲ್ಲಿ ಎಷ್ಟು ಅಪಾಯವಿದೆ ಎಂದು ಲೆಕ್ಕ ಹಾಕುವ ಕೆಲಸ. ರಿಟೈರ್ ಆಗುವವರೆಗೂ ಅಲ್ಲೇ ಇದ್ದೆ, ಪ್ರಮೋಷನ್ ಕೂಡ ಸಿಕ್ಕಿತು. ಹೆದರುವುದಕ್ಕೂ ಸಂಬಳ ಕೊಡುವ ದೇಶ ಇದು!