ಹತ್ತಿರದ್ದೋ, ದೂರದ್ದೋ?

“ಅಮ್ಮ, ಹೊಸ ಕಣ್ಣಿಟ್ಟ ಮೇಲೆ ತಾತಂಗೆ ನಾನು ಯಾರು ಅಂತ ನೆನಪಿರತ್ತಾ?”

ಮಗಳ ಪ್ರಶ್ನೆಗೆ ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಾವ ಇಬ್ಬರೂ ಒಟ್ಟಿಗೆ, ಅದು ಹೊಸ ಕಣ್ಣಲ್ಲ, ಕಣ್ಣಿನೊಳಗೆ ಹಾಕುವ ಲೆನ್ಸು ಎಂದು ತಿದ್ದಿದರು. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಮಾವನ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರದ್ದು ಚೆನ್ನಾಗಿ ಕಾಣುವ ಲೆನ್ಸು ಬೇಕೋ, ದೂರದ್ದು ಕಾಣುವುದು ಬೇಕೋ ಎಂದು ನಾಳೆ ಆಸ್ಪತ್ರೆಗೆ ತಿಳಿಸಬೇಕು. ಗುರುತು ಹಾಕುವ ಹಾಳೆ ಸೊಸೆಯ ಕೈಯಲ್ಲಿತ್ತು.

ಮಾವ: ಹತ್ತಿರದ್ದು ಅಂತ ಹಾಕಮ್ಮ. ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡ್ತಿರೋನು. ದೂರದಲ್ಲಿ ನನಗೇನು ಕೆಲಸ?

ಅತ್ತೆ: ದೂರದ್ದು ಹಾಕು. ಮೊನ್ನೆ ಬಸ್ಸು ಅಂತ ಕಸದ ಲಾರಿಗೆ ಕೈ ಅಡ್ಡ ಹಾಕಿದ್ರು.

ಮಾವ: ಲಾರಿಯವನು ನಿಲ್ಲಿಸಿದ್ನಲ್ಲ. ಬಸ್ಸಿನವನು ಯಾವತ್ತು ನಿಲ್ಲಿಸಿದ್ದಾನೆ?

ಎರಡಕ್ಕೂ ಆಗುವ ಲೆನ್ಸೂ ಇದೆಯೆಂದು ಸೊಸೆ ಓದಿ ಹೇಳಿದಳು. ಆದರೆ ಕತ್ತಲಾದ ಮೇಲೆ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣಬಹುದಂತೆ.

ಮಾವ: ವಾಚಿನೊಳಗಿನ ಚಕ್ರಗಳೇ ಸಾಕಾಗಿದೆ. ದೀಪಕ್ಕೂ ಚಕ್ರ ಬೇಡ.

ಅತ್ತೆ: ಅದಕ್ಕೇ ದೂರದ್ದು. ಹತ್ತಿರಕ್ಕೆ ಕನ್ನಡಕ ಹಾಕ್ಕೊಂಡ್ರಾಯ್ತು.

ಮಾವ: ಬಗ್ಗಿದ್ರೆ ಕನ್ನಡಕ ಜಾರತ್ತೆ. ಹೋದ ವರ್ಷ ಗಿರಾಕಿಯ ವಾಚಿನ ಮೇಲೇ ಬಿತ್ತು. ಕನ್ನಡಕಕ್ಕೇನೂ ಆಗ್ಲಿಲ್ಲ.

ಅತ್ತೆ: ಬಗ್ಗಲೇ ಬೇಡಿ. ನೀವು ಅಂಗಡಿ ಬಾಗಿಲಲ್ಲಿ ಕೂತು ಗಿರಾಕಿಗಳನ್ನ ಮಾತಾಡಿಸಿ.

ಮಾವ: ಮತ್ತೆ ರಿಪೇರಿ ಮೇಜಿಗೆ ಯಾರು ಕೂರ್ತಾರೆ?

ಅತ್ತೆ ಹಾಲು ಉಕ್ಕುತ್ತಿದೆ ಎನ್ನುತ್ತ ಒಳಗೆ ನಡೆದರು. ಒಲೆ ಹಚ್ಚಿಯೇ ಇರಲಿಲ್ಲ.

ಅವರು ತಿರುಗುವಾಗ ಸೊಸೆಯ ಕಣ್ಣಿಗೆ ಬಿದ್ದದ್ದು ಅವರ ಬಲಗಣ್ಣಿನ ಸುತ್ತ ಒತ್ತಿದ್ದ ಕೆಂಪು ಗುರುತು. ಇಷ್ಟು ವರ್ಷ ಅದನ್ನವಳು ಕಂಡದ್ದು ಮಾವನ ಮುಖದಲ್ಲಿ. ವಾಚಿನವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿಯ ಅಚ್ಚು ಅದು.

ಸೊಸೆ: ಮಾವ, ಈಗೀಗ ವಾಚು ಬಿಚ್ಚೋದು…

ಮಾವ: ಅವಳೇ. ಆರು ತಿಂಗಳಾಯ್ತು. ನಾನು ಮಧ್ಯಾಹ್ನ ಮಲಗಿದಾಗ, ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿಟ್ಟು ಏನೂ ಗೊತ್ತಿಲ್ಲದವಳ ಹಾಗೆ ಓಡಾಡ್ತಾಳೆ. ನಾನು ಕೂರಿಸಿದ ಸ್ಕ್ರೂ ನನಗೆ ಗೊತ್ತಾಗಲ್ವಾ? ನನಗಿಂತ ಚೆನ್ನಾಗಿ ಕೂರಿಸಿರ್ತಾಳೆ. ಅದೇ ತೊಂದರೆ.

ಹತ್ತಿರದ ಲೆನ್ಸು ಬಂದರೆ ಆ ಮೇಜು ಅತ್ತೆಯ ಕೈ ತಪ್ಪುತ್ತದೆ. ಬೆಳಗಿನಿಂದ ನಡೆದ ಜಗಳ ಕಸದ ಲಾರಿಯದಲ್ಲ ಎಂದು ಸೊಸೆಗೆ ಈಗ ಅರ್ಥವಾಯಿತು. ಅವಳು ಪೆನ್ನು ಹಿಡಿದು ಮಾವನ ಮುಖವನ್ನೇ ನೋಡಿದಳು. ಅವರು ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡರು.

ಮಾವ: ದೂರದ್ದೇ ಹಾಕಮ್ಮ. ಇವಳು ಸ್ಕೂಲಿಂದ ಬರೋವಾಗ ತಿರುವಿನಲ್ಲೇ ಗುರುತು ಹಿಡಿದ್ಬಿಡ್ತೀನಿ.

ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

ಮಾವ: ನನಗೊಂದು ಉಪಕಾರ ಮಾಡು. ಡಾಕ್ಟರೇ ಹಠ ಹಿಡಿದ್ರು ಅಂತ ಅವಳಿಗೆ ಹೇಳು. ನಾನಾಗೇ ಮೇಜು ಬಿಟ್ಟುಕೊಟ್ಟೆ ಅಂತ ಗೊತ್ತಾದ್ರೆ ನಾಳೆಯಿಂದ ಅಂಗಡಿ ಬೀಗದಕೈನೂ ಕೇಳ್ತಾಳೆ.