ಬೀರುವಿನ ಬಾಗಿಲೂ ಮೂರು ಬಕೆಟ್ ಕೆಂಪು ನೀರೂ

ಆ ದಿನ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಒಲೆಯ ಮೇಲಿಟ್ಟ ಹಾಲು ನಾನು ಆ ಕಡೆ ತಿರುಗುವವರೆಗೆ ಕಾದಿದ್ದು ಉಕ್ಕಿತು. ಒರೆಸಿದೆ. ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ಚನ್ನಗಿರಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ನಮ್ಮ ಯಜಮಾನರು ಅದನ್ನು ತಿಂದು, ಸೈಕಲ್ ಚಕ್ರವನ್ನು ಒತ್ತಿ ನೋಡಿ, ಹತ್ತಿ ಕೂತ ಮೇಲೆ ಹೇಳಿದರು: "ಅಂದ ಹಾಗೆ, ಅಪ್ಪ ಇವತ್ತು ಮಧ್ಯಾಹ್ನ ಹೊನ್ನಾಳಿ ಬಸ್ಸಿಗೆ ಬರ್ತಾರೆ. ಮೊನ್ನೆಯೇ ಕಾಗದ ಬಂದಿತ್ತು, ಹೇಳೋದು ಮರೆತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ತಿರುವು ದಾಟಿತ್ತು. ಮರೆಗುಳಿಗಳ ಕೈಗೆ ಅಷ್ಟು ಚುರುಕಾದ ಸೈಕಲ್ ಕೊಡಬಾರದು!

ಮಾವನವರು ಬರುವುದು ನನಗೆ ಸಂತೋಷವೇ. ಅವರು ಹಿರಿಯ ಮಗನ ಜೊತೆ ಹೊನ್ನಾಳಿಯಲ್ಲಿ ಇರಲು ಹೋಗಿ ವರ್ಷವಾಗಿತ್ತು. ಆದರೆ ಬಂದವರು ಮೊದಲು ನೋಡುವುದು ಅಡುಗೆಮನೆಯ ಬೀರುವನ್ನು. ಗೋಡೆಗೆ ಸೇರಿಸಿ ಮಾಡಿಸಿದ, ಆಳೆತ್ತರದ, ಆರು ಬಾಗಿಲಿನ ಸಾಗುವಾನಿ ಬೀರು. ನಾನು ಮದುವೆಯಾಗಿ ಬರುವ ಮುಂಚೆ, "ಸೊಸೆ ಕಾನ್ವೆಂಟಿನಾಗೆ ಓದಿದಾಕಿ, ನೆಲದ ಮೇಲೆ ಡಬ್ಬಿ ಸಾಲಿಟ್ಕೊಂಡು ಬಗ್ಗಿ ಬಗ್ಗಿ ಸಾಯಬಾರದು" ಎಂದು ಒಂದು ತಿಂಗಳು ಬಡಗಿಯ ಪಕ್ಕ ಕೂತು ಮಾಡಿಸಿದ್ದರಂತೆ. ಪಾಲಿಶ್ ಮಾತ್ರ ಬಡಗಿಗೂ ಬಿಡದೆ ತಾವೇ ಉಜ್ಜಿದ್ದರಂತೆ. ನನಗೆ ಬಂದ ಉಡುಗೊರೆಗಳಲ್ಲೆಲ್ಲ ಅದೇ ದೊಡ್ಡದು. ಅದನ್ನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದೇ ನಾನು ನಂಬಿದ್ದೆ.

ಒಂಬತ್ತು ಗಂಟೆಗೆ ಗಾಜಿನ ಹೆಂಚಿನಿಂದ ಬಿಸಿಲು ಇಳಿದು ಬಾಗಿಲುಗಳ ಮೇಲೆ ಬಿತ್ತು. ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಐದು ವರ್ಷದ ಮಿರ್ಚಿ ಬಜ್ಜಿಯ ಹೊಗೆಯೆಲ್ಲ ಅಲ್ಲಿ ಖಾಯಂ ವಿಳಾಸ ಮಾಡಿಕೊಂಡಿತ್ತು. ಒಲೆಯ ಪಕ್ಕದ ಬಾಗಿಲಿಗೆ ಒಗ್ಗರಣೆಯಿಂದ ಸಿಡಿದ ಸಾಸಿವೆ ಕಾಳುಗಳು ಕುಂದಣದ ಹರಳುಗಳ ಹಾಗೆ ಕೂತಿದ್ದವು. ಒಂದು ಇರುವೆ ಅರ್ಧ ದಾರಿಯಲ್ಲೇ ಸಂನ್ಯಾಸ ಸ್ವೀಕರಿಸಿತ್ತು. ಬೆರಳಿಟ್ಟೆ. ತೆಗೆಯಲು ಸ್ವಲ್ಪ ಎಳೆಯಬೇಕಾಯಿತು!

ಸೆರಗು ಸಿಕ್ಕಿಸಿದೆ. ಮೊದಲು ಸೀಗೆಪುಡಿ, ಬಿಸಿನೀರು. ಜಿಡ್ಡು ಮಗ್ಗುಲು ಕೂಡ ಬದಲಿಸಲಿಲ್ಲ. ಆಮೇಲೆ ಹುಣಸೆಹಣ್ಣು. ಹಿತ್ತಾಳೆಗೆ ಒಲಿಯುವ ಹುಣಸೆ ಸಾಗುವಾನಿಗೆ ಒಲಿಯದು ಎಂಬ ಜ್ಞಾನ ಪ್ರಾಪ್ತವಾಯಿತು. ಹಿತ್ತಲ ಗೋಡೆಯಾಚೆ ಅಡಿಕೆ ಹರಡುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ನನ್ನ ಉಸಿರಾಟ ಕೇಳಿಯೇ ವಿಚಾರಿಸಿದರು.

"ಏನ್ ಉಜ್ಜಾಕೆ ಹತ್ತೀರಿ ಮೇಷ್ಟ್ರಮ್ಮ, ಎಮ್ಮೆನಾ?"

"ಬೀರು ಬಾಗಿಲು, ಗಿರಿಜಕ್ಕ. ಜಿಡ್ಡು ಹೋಗ್ತಾನೇ ಇಲ್ಲ."

"ಬಟ್ಟೆ ಸೋಡಾ ಹಾಕ್ರಿ, ಕುದಿಯೋ ನೀರಿಗೆ. ನಮ್ಮ ಅಡಿಕೆ ಬೇಯಿಸೋ ಹಂಡೆ ಅದ್ರಾಗೇ ತೊಳೆಯೋದು."

"ಹಂಡೆ ತಾಮ್ರದ್ದು. ಇದು ಮರ."

"ಜಿಡ್ಡಿಗೆ ಏನ್ ಗೊತ್ತಾಗ್ತೈತ್ರಿ, ತಾನು ಯಾತರ ಮೇಲೆ ಕುಂತೀನಿ ಅಂತ?"

ತರ್ಕ ಅಭೇದ್ಯವಾಗಿತ್ತು. ಆದರೂ ನಾನು ಹಾಗೆಲ್ಲ ದುಡುಕುವವಳಲ್ಲ. ಯಾವ ಹೊಸ ವಸ್ತುವನ್ನೂ ಮೊದಲು ಯಾರಿಗೂ ಕಾಣದ ಜಾಗದಲ್ಲಿ ಪರೀಕ್ಷಿಸಿ ಮುಂದುವರಿಯಬೇಕು ಎಂದು ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹೇಳಿಕೊಟ್ಟಿದ್ದರು. ಆದ್ದರಿಂದ ಬಾಗಿಲು ತೆರೆದು ಅದರ ಒಳಮೈಯ ಮೂಲೆಗೆ ಸೋಡಾ ನೀರು ಹಚ್ಚಿದೆ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದೆ. ಒರೆಸಿದೆ. ಏನೂ ಆಗಿರಲಿಲ್ಲ! ವಿಜ್ಞಾನ, ವಿವೇಕ, ಕಾನ್ವೆಂಟು ಮೂರೂ ನನ್ನ ಪಕ್ಷದಲ್ಲಿದ್ದವು.

ಹೊರಮೈಗೆ ಧಾರಾಳವಾಗಿ ಸುರಿದು ತೆಂಗಿನ ನಾರಿನಿಂದ ಉಜ್ಜಿದೆ. ಆಹಾ, ಏನು ಕೊಳೆ! ಕೆಂಪು ಕೆಂಪಾಗಿ ಇಳಿಯಿತು. ಹಿಂಡಿದಷ್ಟೂ ಬಂತು. ನನ್ನ ಉತ್ಸಾಹ ಬಾಗಿಲಿನಿಂದ ಬಾಗಿಲಿಗೆ ಹಾರಿತು. ಮೂರು ಬಾಗಿಲು ಮುಗಿಯುವಷ್ಟರಲ್ಲಿ ಮೂರು ಬಕೆಟ್ ತುಂಬಿತು. ಇಂಥ ಸಾಧನೆಗೆ ಸಾಕ್ಷಿ ಬೇಡವೇ? ಗಿರಿಜಕ್ಕನನ್ನು ಕರೆದೆ.

ಅವರು ಬಂದರು. ಬಕೆಟ್ ನೋಡಿದರು. ಬಾಗಿಲು ನೋಡಿದರು. ಮತ್ತೆ ಬಕೆಟ್ ನೋಡಿದರು.

"ಮೇಷ್ಟ್ರಮ್ಮ, ಕೊಳೆಗೆ ಇಷ್ಟು ಚೆಂದ ಬಣ್ಣ ಇರಾಕಿಲ್ಲ ಕಣ್ರಿ."

ನನ್ನ ಕೈಯಿಂದ ನಾರು ಬಿತ್ತು. ಒಣಗುತ್ತಿದ್ದ ಮೂರು ಬಾಗಿಲುಗಳು ಬಿಳಿಚಿಕೊಂಡು, ಮೈಮೇಲೆಲ್ಲ ಸಣ್ಣ ಸಣ್ಣ ಎಳೆ ಎದ್ದು, ಮೂರು ದಿನ ಗಡ್ಡ ಬೋಳಿಸದ ಮುಖದ ಹಾಗೆ ನನ್ನನ್ನೇ ನೋಡುತ್ತಿದ್ದವು. ಒಳಮೈಗೆ ಮಾತ್ರ ಏನೂ ಆಗಿರಲಿಲ್ಲ. ಹೇಗೆ ಆದೀತು? ಒಳಮೈಗೆ ಮಾವನವರು ಪಾಲಿಶ್ ಹಚ್ಚಿಯೇ ಇರಲಿಲ್ಲ! ಇಲ್ಲದ ಬಣ್ಣ ಹೋಗುತ್ತದೆಯೇ ಎಂದು ನಾನು ಹತ್ತು ನಿಮಿಷ ಗಡಿಯಾರ ಹಿಡಿದು ಪರೀಕ್ಷೆ ಮಾಡಿದ್ದೆ!

ಕಣ್ಣಲ್ಲಿ ನೀರು ಬಂತು. ಮುದುಕರು ಪ್ರೀತಿಯಿಂದ ಉಜ್ಜಿದ್ದನ್ನು ಬಕೆಟ್ಟಿಗೆ ಇಳಿಸಿದ್ದೆನಲ್ಲ.

"ಅಳಬ್ಯಾಡ್ರಿ," ಎಂದರು ಗಿರಿಜಕ್ಕ. "ನಮ್ಮನ್ಯಾಗೆ ಚೊಗರು ಐತೆ."

ಚೊಗರು ಎಂದರೆ ಅಡಿಕೆ ಬೇಯಿಸಿ ಬೇಯಿಸಿ ಉಳಿಯುವ ಗಟ್ಟಿ ಕೆಂಪು ನೀರು. ಅದನ್ನು ಹಚ್ಚಿದರೇ ಅಡಿಕೆಗೆ ಬಣ್ಣ, ಹೊಳಪು.

"ಅದು ಅಡಿಕೆಗಲ್ವಾ?"

"ಅಡಿಕೆ ಯಾತರಾಗೆ ಬಿಡ್ತೈತಿ, ಮರದಾಗೆ. ಬಾಗಿಲು ಯಾತರದು, ಮರದ್ದು. ಹಚ್ರಿ ಸುಮ್ನೆ!"

ಒಂದೇ ದಿನದಲ್ಲಿ ಎರಡನೆಯ ಬಾರಿ ಅವರ ತರ್ಕಕ್ಕೆ ತಲೆಬಾಗಿದೆ. ಒಂದು ಕೈ ಹಚ್ಚಿದೆವು, ಸಾಲದು ಎನಿಸಿತು. ಎರಡನೆಯದು. ಮೂರನೆಯದು. ದೇವರಾಣೆ, ಬಾಗಿಲುಗಳು ಹೊಸ ಮದುಮಗಳಂತೆ ಹೊಳೆದವು! ಗಿರಿಜಕ್ಕ ತಮ್ಮ ಅಡಿಕೆ ನೋಡಲು ಹೋದರು. ನಾನು ಸ್ನಾನ ಮಾಡಿ, ತಿಳಿ ಹಳದಿ ವಾಯಿಲ್ ಸೀರೆ ಉಟ್ಟು, ಮಾವನವರಿಗೆ ಕಾಯುತ್ತ ಒಂದು ಬಾಗಿಲನ್ನು ಮೆಲ್ಲಗೆ ಮುಟ್ಟಿ ನೋಡಿದೆ. ಬೆರಳು ಅಂಟಿತು. ಈ ಸಲ ಕೆಂಪಾಗಿಯೂ ಬಂತು. ಚೊಗರು ಒಣಗಿರಲಿಲ್ಲ!

ಆಗಲೇ ಹೊರಗೆ ಚಪ್ಪಲಿ ಬಿಟ್ಟ ಸದ್ದು.

"ಏನಮ್ಮಾ, ಆರಾಮಾ?" ಎನ್ನುತ್ತ ಮಾವನವರು ನೇರ ಅಡುಗೆಮನೆಗೇ ಬಂದರು. ನನಗೆ ತೋಚಿದ್ದು ಒಂದೇ. ಬಾಗಿಲುಗಳಿಗೆ ಬೆನ್ನು ಒತ್ತಿ, ಎರಡೂ ಕೈ ಹಿಂದಿಟ್ಟು, ಅಡ್ಡ ನಿಂತೆ.

"ಆರಾಮ ಮಾವಾ. ನೀವು? ಭಾವ, ಅಕ್ಕ ಹೇಗಿದ್ದಾರೆ? ಹೊನ್ನಾಳಿ ಕಡೆ ಮಳೆ? ಬಸ್ಸಲ್ಲಿ ಸೀಟು ಸಿಕ್ತಾ?"

ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಹೇಳಿದರು. ಆಮೇಲೆ ಕೇಳಿದರು, "ಕುಡಿಯಾಕೆ ನೀರು ಕೊಡ್ತೀಯೋ, ಇಲ್ಲ ಬೀರು ಕಾಯ್ತೀಯೋ?"

ಲೋಟ ನನ್ನ ಹಿಂದಿನ ಬೀರುವಿನಲ್ಲೇ ಇತ್ತು. ಸರಿದೆ. ಮಾವನವರು ಬಾಗಿಲಿನ ಮೇಲೆ ಅಂಗೈ ಆಡಿಸಿದರು. ಅಂಗೈ ನೋಡಿಕೊಂಡರು. ಮೂಸಿದರು.

"ಚೊಗರು."

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸೀಗೆ, ಹುಣಸೆ, ಸೋಡಾ, ಪರೀಕ್ಷೆ. ಒಳಮೈಯ ಪರೀಕ್ಷೆಗೆ ಬಂದಾಗ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು!

"ಒಳಗಡೆ ಪಾಲಿಶ್ ಸಾಲಲಿಲ್ಲಮ್ಮ. ಯಾರು ನೋಡ್ತಾರೆ ಅಂತ ಬಿಟ್ಟಿದ್ದೆ. ನೀನು ನೋಡಿದಿ." ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡು. ನಾಳೆ ಮತ್ತೆ ಹಚ್ಚಾನ. ನನಗೂ ಅಲ್ಲಿ ಕುಂತು ಕುಂತು ಬ್ಯಾಸರ ಆಗೈತೆ. ಒಂದೀಟು ಕಡಲೆಕಾಯಿ ಎಣ್ಣೆ ತಾ."

"ಜಿಡ್ಡಿಗೆ ಎಣ್ಣೆಯಾ?"

"ಜಿಡ್ಡಂದ್ರೆ ಏನು? ಹಳೇ ಎಣ್ಣೆ. ಹೊಸ ಎಣ್ಣೆ ಹೋಗಿ ಮಾತಾಡಿಸಿದ್ರೆ ತಾನೇ ಎದ್ದು ಬರ್ತೈತೆ."

ಉಳಿದ ಮೂರು ಬಾಗಿಲಿಗೆ ಹಳೆಯ ಪಂಚೆಯ ತುಂಡಿನಿಂದ ಎರಡೆರಡು ಹನಿ ಎಣ್ಣೆ ಸವರಿದರು. ಸ್ವಲ್ಪ ಹೊತ್ತು ಬಿಟ್ಟರು. ಉಗುರುಬೆಚ್ಚನೆಯ ಸಾಬೂನು ನೀರಲ್ಲಿ ಬಟ್ಟೆ ಅದ್ದಿ, ಹನಿಯಿಲ್ಲದಂತೆ ಹಿಂಡಿ, ಮರದ ಎಳೆ ಓಡಿದ ದಿಕ್ಕಿನಲ್ಲೇ ಒರೆಸಿದರು. ತಕ್ಷಣ ಒಣಬಟ್ಟೆ. ಸಾಸಿವೆ ಬಂತು, ಇರುವೆ ಬಂತು, ಪಾಲಿಶ್ ಇದ್ದಲ್ಲೇ ಇತ್ತು. ಇಡೀ ಬೆಳಿಗ್ಗೆ ನನ್ನಿಂದ ಸಾಧಿಸಲಾಗದ್ದು ಎರಡು ಲೋಟ ಕಾಫಿಯ ನಡುವೆ ಮುಗಿದಿತ್ತು. ನನಗೆ ನಾಚಿಕೆಗಿಂತ ನಿರಾಳವೇ ಹೆಚ್ಚಾಯಿತು.

ಸಂಜೆ ಯಜಮಾನರು ಬಂದ ಮೇಲೆ ಪಾಲಿಶ್ ತರಲು ಮೂವರೂ ಪೇಟೆಗೆ ಹೊರಟೆವು. ರೂಢಿಯಂತೆ ಅಪ್ಪ ಮಗ ಮಾತಾಡುತ್ತ ಮುಂದೆ, ನಾನು ಹಿಂದೆ. ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದೆವು. ಹಿಂದಿನಿಂದ ಬಂದು ದಾಟಿದವರೆಲ್ಲ ತಿರುಗಿ ನೋಡಿ ಮುಗುಳ್ನಕ್ಕರು. ಮಾವನವರು ವರ್ಷದ ಮೇಲೆ ಬಂದಿದ್ದಾರಲ್ಲ, ಊರಿಗೆಲ್ಲ ಸಂತೋಷ ಎಂದುಕೊಂಡು ನಾನೂ ಘನತೆಯಿಂದ ತಲೆಯಾಡಿಸಿದೆ. ಗೌರವಸ್ಥ ಮನೆತನದ ಸೊಸೆ ಎಂದರೆ ಹೀಗೆಯೇ!

ಗಿರಿಜಕ್ಕ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರನ್ನು ದಾಟಿ ನಾನು ನಮ್ಮ ಮೆಟ್ಟಿಲು ಹತ್ತುವಾಗ, ಸೊಪ್ಪಿನಿಂದ ಅರ್ಧ ಕಣ್ಣು ಎತ್ತಿ ಕೇಳಿದರು:

"ಸೀರೆ ಹೊಸಾದೇನ್ರಿ ಮೇಷ್ಟ್ರಮ್ಮ? ಬೆನ್ನ ಮೇಲೆ ಥೇಟ್ ನಿಮ್ಮ ಬೀರು ಬಾಗಿಲು ಇದ್ದಂಗೇ ಐತೆ. ಹಿಡಿಕೆ ಸಮೇತ!"